ಹಕ್ಕುಪತ್ರ ಕೊಟ್ಟಾಯಿತು, ಪಾಲು ಕೊಡುವುದು ಯಾವಾಗ?

2024ರ ಜೂನ್‌ನಲ್ಲಿ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ ರಾಜ್ಯಗಳಿಗೆ ಒಂದು ಪತ್ರ ಬರೆಯಿತು. ದೇಶದ ಹುಲಿ ಸಂರಕ್ಷಿತ ಪ್ರದೇಶಗಳ ಕೋರ್ ವಲಯದಲ್ಲಿ ಇನ್ನೂ 591 ಹಳ್ಳಿಗಳಿವೆ, 64,801 ಕುಟುಂಬಗಳಿವೆ, ಇವರ ಸ್ಥಳಾಂತರಕ್ಕೆ ಆದ್ಯತೆ ಕೊಡಿ ಎಂಬುದು ಅದರ ತಿರುಳು. ಜನ ಹೊರಗೆ ಬಂದರೆ ಕಾಡು ಉಳಿಯುತ್ತದೆ, ಕಾಡು ಉಳಿದರೆ ಹುಲಿ ಉಳಿಯುತ್ತದೆ ಎಂಬ ಲೆಕ್ಕಾಚಾರ ಮೇಲ್ನೋಟಕ್ಕೆ ಸರಳವಾಗಿದೆ. ಆದರೆ ಕಾಡುಗಳೆಲ್ಲ ಒಂದೇ ಥರ ಇರುವುದಿಲ್ಲ, ಅಲ್ಲಿನ ಜನರೂ ಒಂದೇ ಥರ ಬದುಕುವುದಿಲ್ಲ. ಈ ಲೆಕ್ಕ ಎಲ್ಲಿ ತಾಳೆಯಾಗುತ್ತದೆ, ಎಲ್ಲಿ ಆಗುವುದಿಲ್ಲ ಎಂದು ಪರೀಕ್ಷಿಸಲು ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನಬೆಟ್ಟಕ್ಕಿಂತ ಒಳ್ಳೆಯ ಜಾಗ ಕರ್ನಾಟಕದಲ್ಲಿ ಸಿಗದು. ಅಲ್ಲಿನ ನೆಲ, ಪ್ರಾಣಿ, ಜನ ಮೂರನ್ನೂ ಒಟ್ಟಿಗಿಟ್ಟು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಬಿಳಿಗಿರಿಯ ಹುಲಿಗೆ ಇಂದು ಎದುರಾಗಿರುವ ದೊಡ್ಡ ಅಪಾಯಗಳು ಅಲ್ಲಿನ ಬುಡಕಟ್ಟಿನವರಾದ ಸೋಲಿಗರ ಪೋಡುಗಳಿಂದ, ಅಂದರೆ ಅವರ ಸಣ್ಣ ಊರುಗಳಿಂದ, ಬಂದವಲ್ಲ. ಆ ಅಪಾಯಗಳನ್ನು ಎದುರಿಸುವ ಕೆಲಸ ಸೋಲಿಗರನ್ನು ಹೊರಗಿಟ್ಟು ನಡೆಯುವಂಥದ್ದೂ ಅಲ್ಲ.

ಮೊದಲು ನೆಲದ ಮಾತು. ಪಶ್ಚಿಮ ಘಟ್ಟ ಪೂರ್ವಕ್ಕೆ ಚಾಚಿ ಪೂರ್ವ ಘಟ್ಟದ ಸಾಲುಗಳನ್ನು ಸೇರುವ ಸ್ಥಳದಲ್ಲಿ ಈ ಬೆಟ್ಟಗಳು ನಿಂತಿವೆ. ಬುಡದಲ್ಲಿ ಸುಮಾರು 600 ಮೀಟರ್ ಎತ್ತರವಿರುವ ನೆಲ ಕಟ್ಟಾರಿ ಬೆಟ್ಟದ ತುದಿಗೆ ಹೋಗುವಷ್ಟರಲ್ಲಿ 1,800 ಮೀಟರ್ ದಾಟುತ್ತದೆ. ಹೀಗಾಗಿ ಕೆಳಗಿನ ಕುರುಚಲು ಕಾಡಿನಿಂದ ಹಿಡಿದು ಎಲೆ ಉದುರುವ ಕಾಡು, ನಿತ್ಯಹರಿದ್ವರ್ಣದ ಕಾಡು, ತುದಿಯ ಶೋಲಾ ಮತ್ತು ಹುಲ್ಲುಗಾವಲಿನವರೆಗೆ ಎಲ್ಲವೂ ಒಂದೇ ದಿನದ ನಡಿಗೆಯಲ್ಲಿ ಸಿಗುತ್ತವೆ. ಹುಲಿ, ಆನೆ, ಕಾಟಿ, ಕಡವೆ, ಸೀಳುನಾಯಿ, ಚಿರತೆ, ಕರಡಿ ಇಲ್ಲಿ ಒಟ್ಟಿಗೆ ಇರುವುದಕ್ಕೆ ಈ ವೈವಿಧ್ಯವೇ ಕಾರಣ. ಆದರೆ ಹುಲಿ ಸಂರಕ್ಷಿತ ಪ್ರದೇಶದ ಒಟ್ಟು ವಿಸ್ತಾರ 575 ಚದರ ಕಿಲೋಮೀಟರ್‌ಗಿಂತ ಹೆಚ್ಚಿಲ್ಲ, ಅದರಲ್ಲಿ ಕೋರ್ ವಲಯ ಸುಮಾರು 359. ಇದು ದೊಡ್ಡ ಕಾಡಲ್ಲ. ಬಂಡೀಪುರ, ನಾಗರಹೊಳೆಗಳ ಹಾಗೆ ನೂರೈವತ್ತು ಹುಲಿಗಳನ್ನು ತನ್ನೊಳಗೇ ಸಾಕುವ ಶಕ್ತಿ ಇದಕ್ಕಿಲ್ಲ. ಇದರ ಮಹತ್ವ ಇರುವುದು ನೆರೆಯ ಕಾಡುಗಳ ಜೊತೆಗಿನ ನಂಟಿನಲ್ಲಿ. ಒಂದು ಬದಿಗೆ ತಮಿಳುನಾಡಿನ ಸತ್ಯಮಂಗಲ, ಇನ್ನೊಂದು ಬದಿಗೆ ಮಲೆ ಮಹದೇಶ್ವರ ಮತ್ತು ಕಾವೇರಿ ವನ್ಯಧಾಮಗಳು, ಸತ್ಯಮಂಗಲದ ಆಚೆಗೆ ಮುದುಮಲೆ, ಬಂಡೀಪುರ. ಈ ಸರಪಳಿಯ ನಡುವಿನ ಕೊಂಡಿ ಬಿಳಿಗಿರಿ.

ಈ ನೆಲಕ್ಕೆ ಸೋಲಿಗರು ಮೊನ್ನೆ ಬಂದವರಲ್ಲ. ಸಂರಕ್ಷಿತ ಪ್ರದೇಶದ ಒಳಗೂ ಅಂಚಿನಲ್ಲೂ ಸೇರಿ ಸುಮಾರು 60 ಪೋಡುಗಳಲ್ಲಿ ಅವರು ನೆಲೆಸಿದ್ದಾರೆ. ಬೆಟ್ಟದ ರಂಗನಾಥ ಅವರಿಗೆ ಭಾವ. ಸೋಲಿಗರ ಹೆಣ್ಣು ಕುಸುಮಾಲೆಯನ್ನು ಒಲಿದು ಮದುವೆಯಾದ ದೇವರು. ಹುಲಿಯೂ ಅವರ ದೇವರ ಸಾಲಿನಲ್ಲಿದೆ. ಕಾಡಿನೊಳಗಿನ ದೊಡ್ಡಸಂಪಿಗೆ ಮರ ಅವರ ಆರಾಧನೆಯ ಕೇಂದ್ರ. ಪ್ರತಿಯೊಂದು ಕುಲಕ್ಕೂ ತನ್ನದೇ ಆದ ಎಲ್ಲೆ ಇದೆ. ಆ ಎಲ್ಲೆಯೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂದು ಪೂಜೆಯ ತಾಣಗಳು ಹರಡಿವೆ. ಅಶೋಕಾ ಪರಿಸರ ಸಂಶೋಧನಾ ಸಂಸ್ಥೆಯಾದ ಏಟ್ರೀ ಸೋಲಿಗ ಹಿರಿಯರ ಜೊತೆ ನಡೆದು ಇಂಥ ನೂರಾರು ತಾಣಗಳನ್ನು ನಕ್ಷೆಗೆ ಇಳಿಸಿದೆ. ಅರಣ್ಯ ಇಲಾಖೆಯ ನಕ್ಷೆಯಲ್ಲಿ ವಲಯ ಮತ್ತು ಬೀಟುಗಳಾಗಿರುವ ನೆಲ ಈ ನಕ್ಷೆಯಲ್ಲಿ ಕುಲಗಳ ಎಲ್ಲೆಯಾಗಿ ಕಾಣುತ್ತದೆ. 1974ರಲ್ಲಿ ವನ್ಯಧಾಮ ಘೋಷಣೆಯಾದ ಮೇಲೆ ಕುಲಗಳ ಈ ಎಲ್ಲೆಗಳಿಗೆ ಬೆಲೆ ಹೋಯಿತು. ಅಲ್ಲಲ್ಲಿ ಹರಡಿಕೊಂಡಿದ್ದ ಪೋಡುಗಳನ್ನು ರಸ್ತೆಯ ಹತ್ತಿರಕ್ಕೆ ತಂದು ಕೂರಿಸಲಾಯಿತು. ಜಾಗ ಬದಲಿಸುತ್ತ ಮಾಡುತ್ತಿದ್ದ ಬೇಸಾಯ ನಿಂತಿತು, ಬೇಟೆ ನಿಂತಿತು, ಕಾಡಿಗೆ ಬೆಂಕಿ ಕೊಡುವುದು ಅಪರಾಧವಾಯಿತು. 2000ದ ದಶಕದ ಮಧ್ಯದಲ್ಲಿ ಜೇನು, ನೆಲ್ಲಿಕಾಯಿ, ಅಂಟುವಾಳ, ಸೀಗೆ, ಪಾಸಿ ಸಂಗ್ರಹಿಸಿ ಮಾರುವುದಕ್ಕೂ ಅಡ್ಡಿ ಬಂತು. ಬೇಟೆ ನಿಂತದ್ದು ಒಳ್ಳೆಯದೇ, ಅದರ ಬಗ್ಗೆ ಯಾರೂ ತಕರಾರು ತೆಗೆಯಬೇಕಾಗಿಲ್ಲ. ಉಳಿದವನ್ನೂ ಅದೇ ತಕ್ಕಡಿಗೆ ಹಾಕಿದ್ದು ಸರಿಯೇ ಎಂಬುದೇ ಪ್ರಶ್ನೆ.

ಈ ಪ್ರಶ್ನೆಗೆ ಕಾನೂನು 2006ರಲ್ಲಿ ಒಂದು ಉತ್ತರ ಕೊಟ್ಟಿತು. ಆ ವರ್ಷ ವನ್ಯಜೀವಿ ಕಾಯ್ದೆಗೆ ಬಂದ ತಿದ್ದುಪಡಿ ಹುಲಿಗಾಗಿ ಜನರಿಲ್ಲದ ನೆಲೆ ಬೇಕೆಂದಿತು. ಆದರೆ ಸ್ಥಳಾಂತರ ಜನರ ಒಪ್ಪಿಗೆಯಿಂದಲೇ ಆಗಬೇಕು, ಅವರ ಹಕ್ಕುಗಳನ್ನು ಮೊದಲು ಗುರುತಿಸಿರಬೇಕು ಎಂದೂ ಅದೇ ತಿದ್ದುಪಡಿ ಹೇಳಿತು. ಅದೇ ವರ್ಷ ಸಂಸತ್ತು ಒಪ್ಪಿದ ಅರಣ್ಯ ಹಕ್ಕು ಕಾಯ್ದೆ ಕಾಡನ್ನು ಕಾಯುವ, ನಿರ್ವಹಿಸುವ ಅಧಿಕಾರವನ್ನು ಗ್ರಾಮಸಭೆಗೆ ಕೊಟ್ಟಿತು. 2011ರ ಆರಂಭದ ಹೊತ್ತಿಗೆ ಬಿಳಿಗಿರಿ ಹುಲಿ ಸಂರಕ್ಷಿತ ಪ್ರದೇಶವಾಗಿತ್ತು. ಅದೇ ವರ್ಷ ಅಕ್ಟೋಬರ್ 2ರಂದು ಅಲ್ಲಿನ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರಗಳು ದೊರೆತವು. ಹುಲಿ ಸಂರಕ್ಷಿತ ಪ್ರದೇಶವೊಂದರೊಳಗೆ ಇಂಥ ಹಕ್ಕು ಮಾನ್ಯವಾದದ್ದು ದೇಶದಲ್ಲೇ ಮೊದಲು. ಅಷ್ಟರ ಮಟ್ಟಿಗೆ ಕರ್ನಾಟಕ ಬೆನ್ನು ತಟ್ಟಿಕೊಳ್ಳಬಹುದು. ಆದರೆ ಆ ಪತ್ರ ಕೊಟ್ಟದ್ದು ಎರಡು ಹಕ್ಕುಗಳನ್ನು. ಕಾಡಿನ ಕಿರು ಉತ್ಪನ್ನ ತರುವುದು ಒಂದು, ಕಾಡನ್ನು ನಿರ್ವಹಿಸುವುದು ಇನ್ನೊಂದು. ಮೊದಲನೆಯದು ಏಳುಬೀಳಿನಲ್ಲಾದರೂ ನಡೆಯುತ್ತಿದೆ. ಎರಡನೆಯದು ಕಾಗದದಿಂದ ಕಾಡಿಗೆ ಇಳಿದಿಲ್ಲ. ಎಲ್ಲಿ ಕಳೆ ಕೀಳಬೇಕು, ಎಲ್ಲಿ ಬೆಂಕಿರೇಖೆ ತೆಗೆಯಬೇಕು, ಎಲ್ಲಿ ಕೆರೆ ಹೂಳೆತ್ತಬೇಕು ಎಂಬ ತೀರ್ಮಾನ ಇವತ್ತಿಗೂ ಇಲಾಖೆಯ ಕಚೇರಿಯಲ್ಲೇ ಆಗುತ್ತದೆ. ಸೋಲಿಗರು ಆ ಕೆಲಸಕ್ಕೆ ದಿನಗೂಲಿಗೆ ಬರುತ್ತಾರೆ.

ಈ ನಿರ್ವಹಣೆಯ ಹಕ್ಕು ಕೇವಲ ನ್ಯಾಯದ ಮಾತಾಗಿದ್ದರೆ ಹುಲಿಯ ಪರವಾಗಿ ವಾದಿಸುವವರು ಕೇಳಿಸಿಕೊಳ್ಳದೆ ಇರಬಹುದಿತ್ತು. ಅದು ಕಾಡಿನ ಆರೋಗ್ಯದ ಮಾತೂ ಹೌದು. ಬಿಳಿಗಿರಿಯ ನೆಲವನ್ನು ಇಂದು ಆಳುತ್ತಿರುವುದು ಲಂಟಾನ. ಅಲಂಕಾರದ ಗಿಡವಾಗಿ 19ನೇ ಶತಮಾನದ ಆರಂಭದಲ್ಲಿ ಅಮೆರಿಕದ ಉಷ್ಣವಲಯದಿಂದ ಭಾರತಕ್ಕೆ ಬಂದದ್ದು ಈ ಪೊದೆ. ಏಟ್ರೀಯ ವಿಜ್ಞಾನಿಗಳು ಬಿಳಿಗಿರಿಯ ಉದ್ದಗಲಕ್ಕೂ ಗುರುತು ಮಾಡಿದ ತಾಕುಗಳನ್ನು 1997ರಲ್ಲಿ ಒಮ್ಮೆ, 2008ರಲ್ಲಿ ಮತ್ತೊಮ್ಮೆ ಅಳೆದರು. ಮೊದಲ ಸಲ ನೂರಕ್ಕೆ 41 ತಾಕುಗಳಲ್ಲಿ ಲಂಟಾನ ಇತ್ತು, ಎರಡನೆಯ ಸಲ 81ರಲ್ಲಿ. ಅದರ ದಟ್ಟಣೆ ಸುಮಾರು ನಾಲ್ಕು ಪಟ್ಟಾಗಿತ್ತು. ಮೊದಲು ಇಪ್ಪತ್ತು ಕಾಂಡಗಳಲ್ಲಿ ಒಂದು ಲಂಟಾನವಾಗಿದ್ದದ್ದು ಹನ್ನೊಂದು ವರ್ಷದಲ್ಲಿ ಮೂರರಲ್ಲಿ ಒಂದಾಯಿತು. ಇದರ ಅರ್ಥ ಹುಲಿಯ ಊಟದ ಲೆಕ್ಕದಲ್ಲಿ ತಿಳಿಯುತ್ತದೆ. ಲಂಟಾನದ ನೆರಳಿನಲ್ಲಿ ಹುಲ್ಲು ಬೆಳೆಯದು, ಮರದ ಸಸಿ ಏಳದು. ಅದರ ಎಲೆಯನ್ನು ಜಿಂಕೆಯಾಗಲಿ ಕಾಟಿಯಾಗಲಿ ಹೊಟ್ಟೆ ತುಂಬ ಮೇಯುವುದಿಲ್ಲ. ಮೇವು ಕಡಿಮೆಯಾದ ಕಾಡಿನಲ್ಲಿ ಬಲಿಪ್ರಾಣಿ ಹೆಚ್ಚದು, ಆನೆ ಅಂಚಿನ ಹೊಲಗಳ ಕಡೆಗೆ ತಿರುಗುತ್ತದೆ. ಕೋರ್ ವಲಯದಿಂದ ಒಂದೊಂದು ಮನೆಯನ್ನು ಎತ್ತಿ ಹೊರಗಿಟ್ಟರೂ ಈ ಪೊದೆ ಅಲ್ಲಾಡುವುದಿಲ್ಲ.

ಲಂಟಾನ ಇಷ್ಟು ಹಬ್ಬಿದ್ದು ಏಕೆ ಎಂದು ಸೋಲಿಗ ಹಿರಿಯರನ್ನು ಕೇಳಿದವರಿಗೆ ಸಿಕ್ಕ ಉತ್ತರ ತರಗು ಬೆಂಕಿ ನಿಂತದ್ದು. ಬೇಸಿಗೆ ಕಾಲಿಡುವ ಮೊದಲು, ಜನವರಿ ಫೆಬ್ರವರಿಯ ಹೊತ್ತಿಗೆ, ನೆಲದಲ್ಲಿ ಇನ್ನೂ ತೇವ ಇರುವಾಗಲೇ ಬಿದ್ದ ಎಲೆಗೆ ಕೊಡುವ ಸಣ್ಣ ಬೆಂಕಿ ಅದು. ಅದು ಮೊಣಕಾಲೆತ್ತರಕ್ಕೆ ಓಡಿ ತಣ್ಣಗಾಗುತ್ತದೆ. ತರಗು ಸುಟ್ಟು ಹುಲ್ಲು ಚಿಗುರುತ್ತದೆ, ಲಂಟಾನದ ಬೀಜ ಮತ್ತು ಎಳೆಗಿಡ ಸಾಯುತ್ತವೆ, ದೊಡ್ಡ ಮರಕ್ಕೆ ಏಟಾಗುವುದಿಲ್ಲ. ಈ ಬೆಂಕಿ ನಿಂತ ಮೇಲೆ ನೆಲ್ಲಿಮರಗಳ ಮೇಲೆ ಬಂದಳಿಕೆಯೂ ಹೆಚ್ಚಿತೆಂದು ಅವರು ಹೇಳುತ್ತಾರೆ. ಈ ಮಾತನ್ನು ಕಟ್ಟುಕತೆ ಎಂದು ತಳ್ಳಿಹಾಕುವ ಕಾಲ ಮುಗಿದಿದೆ. ಲಂಟಾನದ ಬಗ್ಗೆಯೂ ನೆಲ್ಲಿಯ ಬಂದಳಿಕೆಯ ಬಗ್ಗೆಯೂ ನಡೆದು ಅಂತರರಾಷ್ಟ್ರೀಯ ನಿಯತಕಾಲಿಕೆಗಳಲ್ಲಿ ಪ್ರಕಟವಾದ ಅಧ್ಯಯನಗಳು ಸೋಲಿಗರ ವಿವರಣೆಯನ್ನು ಪರೀಕ್ಷಿಸಬೇಕಾದ ವೈಜ್ಞಾನಿಕ ಊಹೆಯೆಂದೇ ಎತ್ತಿಕೊಂಡಿವೆ. ಬೆಂಕಿಯ ನಿಷೇಧವೊಂದೇ ಲಂಟಾನಕ್ಕೆ ಕಾರಣ ಎಂದು ನಾನು ಹೇಳುವುದಿಲ್ಲ. ಹಳೆಯ ಕೂಪು ಕಡಿತ, ಬಿದಿರು ಹೂಬಿಟ್ಟು ಸತ್ತಾಗ ತೆರೆದುಕೊಂಡ ಜಾಗ, ಹಣ್ಣು ತಿಂದು ಬೀಜ ಹರಡುವ ಹಕ್ಕಿಗಳು ಎಲ್ಲಕ್ಕೂ ಇದರಲ್ಲಿ ಪಾಲಿರಬಹುದು. ಆದರೆ ಕಾಡನ್ನು ಮುಟ್ಟದೆ ಬಿಟ್ಟರೆ ಅದು ತಾನಾಗಿಯೇ ಸುಧಾರಿಸಿಕೊಳ್ಳುತ್ತದೆ ಎಂಬ ನಂಬಿಕೆಗೆ ಬಿಳಿಗಿರಿಯ ಅಳತೆಗಳು ಆಧಾರ ಕೊಡುವುದಿಲ್ಲ.

ಇಲ್ಲಿ ಒಂದು ಗಟ್ಟಿ ಆಕ್ಷೇಪಣೆ ಬರುತ್ತದೆ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಕಾಡು ಹೊತ್ತಿ ಉರಿದದ್ದನ್ನು ಕಂಡ ರಾಜ್ಯದಲ್ಲಿ ಕಾಡಿಗೆ ಬೆಂಕಿ ಕೊಡಿ ಎನ್ನುವುದು ಹೊಣೆಗೇಡಿತನವಲ್ಲವೇ? ಹೌದು, ಇವತ್ತಿನ ಬಿಳಿಗಿರಿಯಲ್ಲಿ ನೇರವಾಗಿ ಕಡ್ಡಿ ಗೀರಿದರೆ ಅನಾಹುತವೇ ಆಗುತ್ತದೆ. ಆಳೆತ್ತರ ಬೆಳೆದ ಒಣ ಲಂಟಾನ ಬೆಂಕಿಯನ್ನು ಮರದ ನೆತ್ತಿಗೆ ಏರಿಸುತ್ತದೆ. ತಾತಂದಿರ ಕಾಲದ ತಣ್ಣನೆಯ ಬೆಂಕಿ ಈ ಕಾಡಿನಲ್ಲಿ ತಾನಾಗಿ ಹುಟ್ಟುವುದಿಲ್ಲ. ಆದ್ದರಿಂದ ಮೊದಲು ಲಂಟಾನವನ್ನು ಬುಡಸಮೇತ ಕಿತ್ತು ತೆಗೆಯಬೇಕು. ಆಮೇಲೆ ಸಣ್ಣ ತಾಕುಗಳಲ್ಲಿ, ಇಲಾಖೆ, ವಿಜ್ಞಾನಿಗಳು ಮತ್ತು ಗ್ರಾಮಸಭೆ ಸೇರಿ, ಬೇಸಿಗೆಗೆ ಮೊದಲೇ ಬೆಂಕಿ ಕೊಟ್ಟು ನೋಡಬೇಕು. ಪಕ್ಕದಲ್ಲೇ ಬೆಂಕಿ ಕೊಡದ ತಾಕುಗಳನ್ನೂ ಇಟ್ಟುಕೊಂಡು ಹುಲ್ಲು, ಸಸಿ, ಜಿಂಕೆಯ ಹಿಕ್ಕೆ ಎಲ್ಲವನ್ನೂ ಐದಾರು ವರ್ಷ ಲೆಕ್ಕ ಹಾಕಬೇಕು. ಪ್ರಯೋಗ ಸೋತರೆ ಸೋಲಿಗರ ಮಾತು ತಪ್ಪೆಂದು ಗೊತ್ತಾಗುತ್ತದೆ, ಗೆದ್ದರೆ ಇಡೀ ಮೈಸೂರು ಪ್ರಾಂತ್ಯದ ಕಾಡುಗಳಿಗೆ ದಾರಿ ಸಿಗುತ್ತದೆ. ಪ್ರಯೋಗವನ್ನೇ ಮಾಡದೆ ನಿಷೇಧವನ್ನು ಮುಂದುವರಿಸುವುದಕ್ಕೆ ವಿಜ್ಞಾನದ ಬೆಂಬಲವಿಲ್ಲ, ಬರೀ ರೂಢಿಯ ಬೆಂಬಲವಿದೆ.

ಹುಲಿಯ ಸಂಖ್ಯೆಯ ವಿಚಾರದಲ್ಲಿ ಎರಡೂ ಕಡೆಯವರು ಅವಸರ ಮಾಡುತ್ತಾರೆ. 2010 ಮತ್ತು 2014ರ ನಡುವೆ ಬಿಳಿಗಿರಿಯ ಹುಲಿಗಳು 35ರಿಂದ 68ಕ್ಕೆ ಏರಿದವೆಂದು ವರದಿಯಾದಾಗ, ಹಕ್ಕು ಕೊಟ್ಟದ್ದರಿಂದಲೇ ಹುಲಿ ಹೆಚ್ಚಿತೆಂದು ಬುಡಕಟ್ಟು ಹಕ್ಕುಗಳ ಪರವಾಗಿ ದುಡಿಯುವವರು ಸಾರಿದರು. ಅದು ತರ್ಕಕ್ಕೆ ನಿಲ್ಲದು. ಮೂರು ವರ್ಷದಲ್ಲಿ ಒಂದು ಹಕ್ಕುಪತ್ರ ಹುಲಿಯನ್ನು ಇಮ್ಮಡಿ ಮಾಡಲಾರದು. ಎಣಿಕೆಯ ವಿಧಾನ, ಹಾಕಿದ ಕ್ಯಾಮೆರಾಗಳ ಸಂಖ್ಯೆ, ನೆರೆಯ ಕಾಡಿನಿಂದ ಬಂದುಹೋಗುವ ಹುಲಿಗಳು ಎಲ್ಲವೂ ಅಂಕಿಯನ್ನು ಅಲುಗಿಸುತ್ತವೆ. ಮುಂದಿನ ಎಣಿಕೆಯಲ್ಲಿ ಸಂಖ್ಯೆ ಅದಕ್ಕಿಂತ ಕಡಿಮೆ ಬಂದಾಗಲೂ ಹಕ್ಕುಗಳು ಹಾಗೆಯೇ ಇದ್ದವು. ಆದರೆ ಈ ಅಂಕಿಗಳು ಒಂದು ಸಣ್ಣ ಸತ್ಯವನ್ನಂತೂ ಸಾಬೀತು ಮಾಡುತ್ತವೆ. ಪೋಡುಗಳು ಇದ್ದಲ್ಲೇ ಇದ್ದು, ಜನ ನೆಲ್ಲಿಕಾಯಿಗೂ ಜೇನಿಗೂ ಕಾಡಿಗೆ ಹೋಗುತ್ತಿದ್ದ ವರ್ಷಗಳಲ್ಲೇ ಹುಲಿ ಹೆಚ್ಚಬಲ್ಲದು. ಸೋಲಿಗರಿರುವ ಕಡೆ ಹುಲಿ ಬೆಳೆಯದು ಎನ್ನುವ ವಾದಕ್ಕೆ ಇಷ್ಟು ಸಾಕು.

ಹುಲಿ ತಜ್ಞರು ಇದಕ್ಕೆ ಇನ್ನೊಂದು ಮಾತು ಸೇರಿಸುತ್ತಾರೆ, ಅದು ತೂಕದ ಮಾತು. ಮರಿ ಹಾಕುವ 20 ಹೆಣ್ಣುಹುಲಿಗಳ ಒಂದು ಗುಂಪು ಬಹುಕಾಲ ಬಾಳಲು ಜನರ ಗಲಾಟೆಯಿಲ್ಲದ ಕನಿಷ್ಠ 800 ಚದರ ಕಿಲೋಮೀಟರ್ ನೆಲ ಬೇಕು ಎಂಬುದು ಪ್ರಾಧಿಕಾರವೂ ಒಪ್ಪಿರುವ ಅಳತೆ. ಆ ಅಳತೆಯನ್ನೇ ಹಿಡಿಯೋಣ. ಬಿಳಿಗಿರಿಯ ಕೋರ್ ವಲಯದಿಂದ ಕಟ್ಟಕಡೆಯ ಮನೆಯನ್ನು ತೆಗೆದರೂ ಸಿಗುವುದು 359. ಅಂದರೆ ಬಿಳಿಗಿರಿಯ ಹುಲಿ ಉಳಿಯುವುದು ಕೋರ್ ಖಾಲಿಯಾಗುವುದರಿಂದಲ್ಲ, ಸತ್ಯಮಂಗಲಕ್ಕೂ ಮಲೆ ಮಹದೇಶ್ವರಕ್ಕೂ ಹೋಗುವ ದಾರಿ ತೆರೆದಿರುವುದರಿಂದ. ಆ ದಾರಿಗಳು ಇರುವುದು ಕೋರ್‌ನ ಹೊರಗೆ. ಪುಣಜನೂರಿನ ಮೂಲಕ ಸತ್ಯಮಂಗಲಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿಯ ಲಾರಿಗಳ ಸಾಲು, ಅಂಚಿನ ಗಣಿ ಮತ್ತು ರೆಸಾರ್ಟ್‌ಗಳು, ಕಾಡಿಗೆ ಒತ್ತಿಕೊಂಡ ಬೇಲಿಗಳು ಅವನ್ನು ಕಿರಿದಾಗಿಸುತ್ತಿವೆ. ಎಡೆಯಾರಹಳ್ಳಿ ಮತ್ತು ದೊಡ್ಡಸಂಪಿಗೆಯ ನಡುವಿನ ಆನೆ ದಾರಿಗಾಗಿ ಸ್ವಯಂಸೇವಾ ಸಂಸ್ಥೆಯೊಂದು ಸುಮಾರು 25 ಎಕರೆ ಖಾಸಗಿ ಜಮೀನನ್ನು ಕೊಂಡು ಅರಣ್ಯ ಇಲಾಖೆಗೆ ಒಪ್ಪಿಸಿದ್ದು ಸರಿಯಾದ ದಿಕ್ಕಿನ ಹೆಜ್ಜೆ. ಬೆಟ್ಟದ ಮೇಲೆ ಬ್ರಿಟಿಷರ ಕಾಲದಿಂದ ಇರುವ ಕಾಫಿ ಎಸ್ಟೇಟುಗಳನ್ನು ಯಾರೂ ಸ್ಥಳಾಂತರಿಸಿ ಎನ್ನುವುದಿಲ್ಲ. ಅವಕ್ಕೆ ತೋರುವ ಸಹನೆಯನ್ನು ಪೋಡಿಗೆ ತೋರದಿರುವುದನ್ನು ವಿಜ್ಞಾನದ ಹೆಸರಿನಲ್ಲಿ ಸಮರ್ಥಿಸಲಾಗದು.

ಅಂಚಿನ ಜನ ಮುನಿದರೆ ಏನಾಗುತ್ತದೆ ಎಂಬುದಕ್ಕೆ 2025ರ ಜೂನ್ ತಿಂಗಳ ಘಟನೆ ಸಾಕ್ಷಿ. ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ತಾಯಿ ಹುಲಿ ಮತ್ತು ನಾಲ್ಕು ಮರಿಗಳು ಒಟ್ಟಿಗೆ ಸತ್ತು ಬಿದ್ದವು. ಹುಲಿ ಕೊಂದ ಹಸುವಿನ ಕಳೇಬರಕ್ಕೆ ವಿಷ ಹಾಕಲಾಗಿತ್ತು. 906 ಚದರ ಕಿಲೋಮೀಟರ್‌ನ ವನ್ಯಧಾಮ, ಅದಕ್ಕೆ ಬೇಕಾದ ಕಾನೂನು, ಕಾವಲು ಎಲ್ಲ ಇದ್ದೂ ಒಂದು ಕಳೇಬರದಿಂದ ಐದು ಹುಲಿ ಹೋದವು. ವಿಷ ಹಾಕಿದವರಿಗೆ ಶಿಕ್ಷೆಯಾಗಲೇಬೇಕು. ಆದರೆ ಆ ಬಳಿಕ ಸರ್ಕಾರದಿಂದ ಕೇಳಿಬಂದ ಮೊದಲ ಮಾತುಗಳಲ್ಲಿ ಕಾಡಿನಲ್ಲಿ ದನ ಮೇಯಿಸುವುದನ್ನು ನಿಷೇಧಿಸುವುದೂ ಒಂದು. ನಿಷೇಧ ಹಾಕುವುದು ಸುಲಭ. ಸತ್ತ ದನಕ್ಕೆ ತಿಂಗಳೊಳಗೆ ಪರಿಹಾರ ಕೈಗೆ ಸಿಗುವಂತೆ ಮಾಡುವುದು, ಹುಲಿ ಬಂದ ಸುದ್ದಿಯನ್ನು ಇಲಾಖೆಗೆ ಮುಟ್ಟಿಸುವ ಮನಸ್ಸು ಊರಿನವರಿಗೆ ಬರುವಂತೆ ಮಾಡುವುದು ಕಷ್ಟ. ಐದು ಹುಲಿಗಳನ್ನು ಉಳಿಸಬಹುದಾಗಿದ್ದದ್ದು ಆ ಕಷ್ಟದ ಕೆಲಸವೇ.

ಇಂದಿನ ಸೋಲಿಗರು ಹಿಂದಿನವರಲ್ಲ ಎನ್ನುವವರಿದ್ದಾರೆ. ಅವರ ಕೈಯಲ್ಲಿ ಮೊಬೈಲ್ ಇದೆ, ಮನೆ ಮುಂದೆ ಬೈಕ್ ಇದೆ, ಹಿತ್ತಲಲ್ಲಿ ಕಾಫಿ ಇದೆ, ಸಂಖ್ಯೆಯೂ ಹೆಚ್ಚುತ್ತಿದೆ. ಮಾರುಕಟ್ಟೆ ಕೇಳಿದಷ್ಟು ಜೇನು, ನೆಲ್ಲಿ ತೆಗೆದರೆ ಕಾಡು ಬರಿದಾಗದೇ? ಬದಲಾವಣೆ ನಿಜ. ಆದರೆ ಬುಡಕಟ್ಟಿನವರು ಬಡವರಾಗಿ, ಬೈಕಿಲ್ಲದೆ ಉಳಿದರೆ ಮಾತ್ರ ಹಕ್ಕಿಗೆ ಅರ್ಹರು ಎಂದು ಯಾವ ಕಾನೂನೂ ಹೇಳುವುದಿಲ್ಲ. ಎಷ್ಟು ತೆಗೆದರೆ ಸರಿ ಎಂಬ ಪ್ರಶ್ನೆಗೆ ಉತ್ತರ ಅಳತೆಯಲ್ಲಿದೆ. ಗ್ರಾಮಸಭೆಯ ಸಮಿತಿ ಪ್ರತಿ ವರ್ಷ ಎಷ್ಟು ಹೆಜ್ಜೇನಿನ ಹುಟ್ಟು ಬಂದಿತು, ಎಷ್ಟು ಕೊಯ್ದರು, ನೆಲ್ಲಿಯ ಎಷ್ಟು ಸಸಿ ಎದ್ದಿತು ಎಂದು ದಾಖಲಿಸಲಿ, ಇಲಾಖೆ ಅದನ್ನು ತನಿಖೆ ಮಾಡಲಿ. ಅರಣ್ಯ ಹಕ್ಕು ಕಾಯ್ದೆ ಹಕ್ಕಿನ ಜೊತೆಗೆ ವನ್ಯಜೀವಿ ಕಾಯುವ ಹೊಣೆಯನ್ನೂ ಗ್ರಾಮಸಭೆಯ ಮೇಲೆ ಹೊರಿಸಿದೆ. ಹೊಣೆ ಹೊರಿಸಿ ಅಧಿಕಾರ ಕೊಡದಿದ್ದರೆ ಹೊಣೆಯನ್ನು ಕೇಳುವುದು ಹೇಗೆ?

ಸ್ಥಳಾಂತರದ ಪರವಾಗಿ ಕೊಡುವ ಭದ್ರಾ ಹುಲಿ ಸಂರಕ್ಷಿತ ಪ್ರದೇಶದ ಉದಾಹರಣೆಯನ್ನೂ ನ್ಯಾಯವಾಗಿ ತೂಗಬೇಕು. 2002ರ ಹೊತ್ತಿಗೆ ಅಲ್ಲಿನ ಹಳ್ಳಿಗಳು ಕಾಡಿನಿಂದ ಹೊರಬಂದವು, ಕೊಟ್ಟ ಮಾತಿನಂತೆ ಜಮೀನು ಸಿಕ್ಕಿತು, ದೇಶವೇ ಅದನ್ನು ಮಾದರಿ ಎಂದಿತು. ಶಾಲೆ, ಆಸ್ಪತ್ರೆ, ರಸ್ತೆ ಬೇಕೆಂದು ತಾವಾಗಿ ಹೊರಬರಲು ಬಯಸುವ ಸೋಲಿಗ ಕುಟುಂಬಕ್ಕೂ ಆ ದಾರಿ ತೆರೆದಿರಬೇಕು, ಸ್ಥಳಾಂತರಕ್ಕೆ ಕೊಡುವ 15 ಲಕ್ಷ ರೂಪಾಯಿಯ ಪ್ಯಾಕೇಜ್‌ಗಿಂತ ಉತ್ತಮವಾಗಿ ತೆರೆದಿರಬೇಕು. ಆದರೆ ಭದ್ರಾದಿಂದ ಬಂದವರಲ್ಲಿ ಹೆಚ್ಚಿನವರು ಬೇಸಾಯಗಾರರು. ಅವರಿಗೆ ಹೊಲದ ಬದಲು ಹೊಲ ಸಿಕ್ಕಿತು. ಜೇನು, ಎಲ್ಲೆ, ದೇವರು ಎಲ್ಲವನ್ನೂ ಕಾಡಿನಲ್ಲೇ ಇಟ್ಟುಕೊಂಡವರಿಗೆ ಬದಲಾಗಿ ಕೊಡಲು ಸರ್ಕಾರದ ಹತ್ತಿರ ಏನೂ ಇಲ್ಲ. 2025ರ ಮೇ ತಿಂಗಳಲ್ಲಿ ನಾಗರಹೊಳೆಯ ಜೇನುಕುರುಬ ಕುಟುಂಬಗಳು ದಶಕಗಳ ಹಿಂದೆ ಬಿಟ್ಟ ಹಾಡಿಗೆ ಮರಳಿ ಗುಡಿಸಲು ಕಟ್ಟಿದ್ದು ಇದನ್ನೇ ಹೇಳುತ್ತದೆ.

ಹಾಗಾದರೆ ಆಗಬೇಕಾದದ್ದೇನು? ಬಿಳಿಗಿರಿಯ ಹುಲಿ ಸಂರಕ್ಷಣಾ ಯೋಜನೆಯಲ್ಲಿ ಗ್ರಾಮಸಭೆಗಳ ಅರಣ್ಯ ನಿರ್ವಹಣಾ ಸಮಿತಿಗಳಿಗೆ ಸಹಿಯ ಅಧಿಕಾರವಿರುವ ಸ್ಥಾನ ಸಿಗಬೇಕು. ಲಂಟಾನ ತೆಗೆಯುವ ಕೆಲಸ ಗುತ್ತಿಗೆದಾರರಿಗೆ ಹೋಗದೆ ಪೋಡುಗಳಿಗೆ ಬರಬೇಕು. ಕಿತ್ತ ಜಾಗದಲ್ಲಿ ಮತ್ತೆ ಮತ್ತೆ ಕಳೆ ತೆಗೆದು ಹುಲ್ಲು ನಿಲ್ಲಿಸುವವರೆಗೂ ಕೂಲಿ ದೊರೆಯಬೇಕು. ತರಗು ಬೆಂಕಿಯ ಪ್ರಯೋಗಕ್ಕೆ ಕೇಂದ್ರ, ರಾಜ್ಯ ಎರಡೂ ಅನುಮತಿ ಕೊಡಬೇಕು. ಕಳ್ಳಬೇಟೆ ತಡೆ ಶಿಬಿರಗಳಲ್ಲಿ ವರ್ಷಗಟ್ಟಲೆ ದಿನಗೂಲಿಗೆ ಕಾಡು ಕಾಯುತ್ತಿರುವ ಸೋಲಿಗ ಯುವಕರ ನೌಕರಿ ಕಾಯಂ ಆಗಬೇಕು. 2022ರ ಗಣತಿಯಲ್ಲಿ 563 ಹುಲಿಗಳೊಂದಿಗೆ ದೇಶದಲ್ಲಿ ಎರಡನೆಯ ಸ್ಥಾನದಲ್ಲಿ ನಿಂತ ರಾಜ್ಯಕ್ಕೆ ಇದಕ್ಕೆ ಬೇಕಾದ ಹಣದ ಕೊರತೆಯೂ ಇಲ್ಲ, ಕಾನೂನಿನ ಅಡ್ಡಿಯೂ ಇಲ್ಲ. ಸೋಲಿಗರನ್ನು ಹೊರಗೆ ಕಳಿಸುವ ಯೋಜನೆಗೆ ಮುಂಚೆ, ಅವರಿಗೆ 2011ರಲ್ಲೇ ಕೊಟ್ಟ ಹಕ್ಕಿನಂತೆ ಕಾಡು ನಿರ್ವಹಿಸಲು ಹತ್ತು ವರ್ಷ ಅವಕಾಶ ಕೊಟ್ಟು, ಫಲಿತಾಂಶವನ್ನು ಜನರ ಮುಂದಿಡುವುದು ಸರ್ಕಾರದ ಕರ್ತವ್ಯ.